ನೀರಲ್ಲಿ ಚೆನ್ನಾಗಿದ್ದ ಕಣ ಉಪ್ಪುನೀರಿಗೆ ಬಿದ್ದ ಕೂಡಲೇ ಮುದ್ದೆ ಆಗುತ್ತಿದೆ, ದಯವಿಟ್ಟು ಯಾರಾದರೂ ನೋಡಿ ಹೇಳಿ

ಕುಂದವಾಡ_ಕೆರೆ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಒಳಗಿನ ಭಾಗಗಳು ಬೇರೆ ಬೇರೆಯಾಗಿ ಎದ್ದು ಕಾಣಲಿ ಅಂತ ಬಳಸುವ ಕಬ್ಬಿಣದ ಆಕ್ಸೈಡ್ ನ್ಯಾನೋ ಕಣ ಮಾಡುವುದು ನನ್ನ ಪ್ರಾಜೆಕ್ಟ್. ಮೂರು ತಿಂಗಳಾಯಿತು, ಒಂದೇ ಜಾಗದಲ್ಲಿ ನಿಂತಿದ್ದೇನೆ.

ಮಾಡಿದ್ದು ಇಷ್ಟು. 2.7 ಗ್ರಾಂ ಫೆರಿಕ್ ಕ್ಲೋರೈಡ್, 1 ಗ್ರಾಂ ಫೆರಸ್ ಕ್ಲೋರೈಡ್, 100 ಎಂಎಲ್ ನೀರು. ಜೋರಾಗಿ ಕಲಕುತ್ತಾ ಅಮೋನಿಯ ಹಾಕಿದೆ. ಹಾಕಿದ ಕ್ಷಣಕ್ಕೇ ಕಪ್ಪಾಯಿತು. ಆವತ್ತು ಎಷ್ಟು ಖುಷಿ ಆಗಿತ್ತು ಅಂದರೆ ಅಮ್ಮನಿಗೆ ವಿಡಿಯೋ ಕಳಿಸಿದ್ದೆ. ಮ್ಯಾಗ್ನೆಟ್ ಇಟ್ಟು ನಾಲ್ಕು ಸಲ ತೊಳೆದೆ, ರಾತ್ರಿಯಿಡೀ ಓವನ್‌ನಲ್ಲಿ ಒಣಗಿಸಿದೆ, ನುಣ್ಣಗೆ ಅರೆದೆ, ಆಮೇಲೆ ಸಿಟ್ರಿಕ್ ಆಮ್ಲದ ನೀರಿಗೆ ಹಾಕಿ ಒಂದು ಗಂಟೆ ಕಲಕಿದೆ.

ನೀರಲ್ಲಿ ನೋಡಿದರೆ ಡಿಕಾಕ್ಷನ್ ಥರ ಕಪ್ಪಗೆ ಇರುತ್ತದೆ, ಎರಡು ದಿನ ತಳಕ್ಕೆ ಕೂರಲ್ಲ. ಅದನ್ನೇ ಪಿಬಿಎಸ್‌ಗೆ, ಅಂದರೆ ಫಾಸ್ಫೇಟ್ ಸೇರಿದ ಉಪ್ಪುನೀರಿಗೆ, ಹಾಕಿದರೆ ಹತ್ತು ನಿಮಿಷಕ್ಕೆ ತಳದಲ್ಲಿ ಕರಿ ಗಸಿ, ಮೇಲೆ ಬರೀ ತಿಳಿನೀರು. ರಕ್ತದಲ್ಲಿರುವಷ್ಟೇ ಉಪ್ಪು ಅದರಲ್ಲಿ ಇರುವುದು, ಅಲ್ವಾ? ಹಾಗಾದರೆ ಈ ಕಣ ಸ್ಕ್ಯಾನ್‌ಗೆ ಯಾವ ಕೆಲಸಕ್ಕೂ ಬರಲ್ಲ. ಸಿಟ್ರಿಕ್ ಆಮ್ಲ ಎರಡು ಪಟ್ಟು ಹಾಕಿ ನೋಡಿದೆ, ನಾಲ್ಕು ಪಟ್ಟು ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕಪ್ಪುಮರಳು

ನಾನು ಚಿತ್ರದುರ್ಗದವನು. ಇದೇ ಕಣಗಳ ಮೇಲೆ ಪಿಎಚ್‌ಡಿ ಮಾಡಿದ್ದು, ನೀವು ಈಗ ಇರುವ ಜಾಗದಲ್ಲಿ ನಾನು ಒಂದು ವರ್ಷ ಪೂರ್ತಿ ಇದ್ದೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಅಳತೆ ಸರಿಯಾಗಿದೆ. ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು, ಮೇಲೆ ಬೇಸ್. ಫ್ರಾನ್ಸಿನ ಮಸ್ಸಾರ್ 1981ರಲ್ಲಿ ಪ್ರಕಟಿಸಿದ ದಾರಿ ಇದೇ. ಲೆಕ್ಕ ಹಾಕಿದರೆ ನಿಮಗೆ ಸುಮಾರು 1.16 ಗ್ರಾಂ ಮ್ಯಾಗ್ನೆಟೈಟ್, ಅಂದರೆ ಆ ಕಪ್ಪು ಕಾಂತೀಯ ಆಕ್ಸೈಡ್, ಸಿಗಬೇಕು. ಕಣ ಹುಟ್ಟುವುದು ಒಂದು ಮಧ್ಯಾಹ್ನದ ಕೆಲಸ. ಹುಟ್ಟಿದ ಕಣಗಳನ್ನು ಒಂದಕ್ಕೊಂದು ಅಂಟದಂತೆ ಇಡುವುದೇ ತಿಂಗಳುಗಟ್ಟಲೆಯ ಕೆಲಸ. ನೀವು ತಪ್ಪಿದ್ದು ಎರಡು ಕಡೆ.

ಮೊದಲನೆಯದು ಒಣಗಿಸಿದ್ದು. ದಯವಿಟ್ಟು ಇನ್ನು ಯಾವತ್ತೂ ಕೋಟಿಂಗ್ ಆಗುವ ಮುಂಚೆ ಒಣಗಿಸಬೇಡಿ. ನೀರು ಆರುತ್ತಾ ಹೋದಂತೆ ಉಳಿದ ತೇವ ಕಣಗಳನ್ನು ಹತ್ತಿರ ಹತ್ತಿರ ಎಳೆಯುತ್ತದೆ, ಒಂದರ ಮೈ ಇನ್ನೊಂದರ ಮೈಗೆ ಬೆಸೆದುಕೊಂಡು ಬಿಡುತ್ತದೆ. ಆಮೇಲೆ ನೀವು ಎಷ್ಟೇ ಅರೆಯಿರಿ, ಒಡೆಯುವುದು ದೊಡ್ಡ ಹೆಂಟೆ ಮಾತ್ರ. ಹತ್ತು ನ್ಯಾನೋಮೀಟರ್ ಕಣ ಬಿಡಿ ಬಿಡಿಯಾಗಿ ವಾಪಸ್ ಬರಲ್ಲ. ನೀವು ಸಿಟ್ರೇಟ್ ಹೊದಿಸಿದ್ದು ಕಣಕ್ಕಲ್ಲ, ಹೆಂಟೆಗೆ. 1960ರ ದಶಕದ ಶುರುವಿನಲ್ಲಿ ನಾಸಾದಲ್ಲಿ ಪಾಪೆಲ್ ಅನ್ನುವವರು ರಾಕೆಟ್ ಇಂಧನವನ್ನು ಮ್ಯಾಗ್ನೆಟ್‌ನಿಂದ ಎಳೆಯುವ ಹಾಗೆ ಮಾಡಲು ಮ್ಯಾಗ್ನೆಟೈಟ್ ಕಲ್ಲನ್ನೇ ಮಿಲ್‌ನಲ್ಲಿ ಅರೆದು ಕಾಂತದ ದ್ರವ ಮಾಡಿದರು. ಅರೆದೂ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಅವರು ಅರೆಯುವಾಗಲೇ ಓಲಿಕ್ ಆಮ್ಲ ಜೊತೆಗೆ ಹಾಕಿದ್ದರು. ಹೊಸ ಮೈ ತೆರೆದ ಕ್ಷಣಕ್ಕೇ ಅದಕ್ಕೆ ಹೊದಿಕೆ ಸಿಗುತ್ತಿತ್ತು. ವ್ಯತ್ಯಾಸ ಅಲ್ಲಿದೆ.

ಎರಡನೆಯದು ಉಪ್ಪು. ಸಿಟ್ರೇಟ್ ಹೊದ್ದ ಕಣದ ಮೇಲೆ ಋಣ ಚಾರ್ಜ್ ಇರುತ್ತದೆ. ಒಂದೇ ಥರದ ಚಾರ್ಜ್ ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಬಹಳ ಕಡಿಮೆ ಉಪ್ಪಿನ ನೀರಲ್ಲಿ, ಒಂದು ಮಿಲಿಮೋಲಾರ್ ಅಂತ ಇಟ್ಟುಕೊಳ್ಳಿ, ಆ ತಳ್ಳುವಿಕೆ ಸುಮಾರು 10 ನ್ಯಾನೋಮೀಟರ್ ದೂರದವರೆಗೆ ತಲುಪುತ್ತದೆ. ಆಸ್ಪತ್ರೆಯ ಸಲೈನ್ 0.9 ಶೇಕಡಾ, ಅಂದರೆ 154 ಮಿಲಿಮೋಲಾರ್. ಅಲ್ಲಿ ಅದೇ ದೂರ 0.8 ನ್ಯಾನೋಮೀಟರ್‌ಗೆ ಇಳಿಯುತ್ತದೆ. ಕಣಗಳು ಅಷ್ಟು ಹತ್ತಿರ ಬಂದಮೇಲೆ ಇನ್ನು ತಳ್ಳಿ ಏನು ಪ್ರಯೋಜನ, ಅಂಟಿಕೊಂಡೇ ಬಿಡುತ್ತವೆ. ಸಾಲದ್ದಕ್ಕೆ ಪಿಬಿಎಸ್‌ನಲ್ಲಿ ಫಾಸ್ಫೇಟ್ ಇದೆ. ಕಬ್ಬಿಣದ ಆಕ್ಸೈಡ್ ಅಂದರೆ ಫಾಸ್ಫೇಟ್‌ಗೆ ಬಹಳ ಪ್ರೀತಿ, ಸಿಟ್ರೇಟನ್ನು ಎಬ್ಬಿಸಿ ತಾನು ಕೂರುತ್ತದೆ. ನಾಲ್ಕು ಪಟ್ಟು ಸಿಟ್ರಿಕ್ ಆಮ್ಲ ಹಾಕಿದರೂ ಬದಲಾಗದೆ ಇದ್ದದ್ದು ಇದಕ್ಕೇ.

ಹಾಗಂತ ಸಿಟ್ರೇಟ್ ಕೆಟ್ಟದ್ದು ಅಂತಲ್ಲ. ಬರ್ಲಿನ್‌ನಲ್ಲಿ ಸಿಟ್ರೇಟ್ ಹೊದಿಸಿದ ಬಹಳ ಸಣ್ಣ ಕಣಗಳನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡುವ ಹಂತದವರೆಗೂ ತಂದಿದ್ದರು. ಆದರೆ ಅಷ್ಟು ನಾಜೂಕು ನಿಮಗೆ ಮೊದಲ ಬ್ಯಾಚ್‌ಗೆ ಬೇಡ. ನನ್ನ ಕೇಳಿದರೆ ಡೆಕ್ಸ್ಟ್ರಾನ್ ಹಿಡಿಯಿರಿ.

ನೂಲುಗಂಜಿ

ನಾನು ವಿಜ್ಞಾನ ಓದಿದವನಲ್ಲ. ದಾವಣಗೆರೆಯ ಹತ್ತಿ ಮಿಲ್‌ನಲ್ಲಿ ಸೈಜಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಓದುತ್ತಾ ಒಂದು ವಿಷಯ ಹೊಳೆಯಿತು, ತಪ್ಪಿದ್ದರೆ ತಿದ್ದಿ.

ನಮ್ಮಲ್ಲಿ ಹಾಸಿನ ನೂಲಿಗೆ ಮಗ್ಗಕ್ಕೆ ಹೋಗುವ ಮುಂಚೆ ಗಂಜಿ ಕೊಡುತ್ತಿದ್ದೆವು. ಗಂಜಿ ಇಲ್ಲದ ನೂಲು ಪಕ್ಕದ ನೂಲಿಗೆ ಉಜ್ಜಿ ಎಳೆ ಎದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಗಂಜಿ ಕುಡಿದ ನೂಲು ಒಂಟಿ ಒಂಟಿಯಾಗಿ ನಿಲ್ಲುತ್ತದೆ. ಆದರೆ ಗಂಜಿಯಿಂದ ಹೊರಬಂದ ಹಾಸನ್ನು ಒಣಗುವ ಹೊತ್ತಿಗೆ ಸರಿಯಾಗಿ ಬಿಡಿಸದೆ ಹೋದರೆ ಹತ್ತು ಎಳೆ ಸೇರಿ ಒಂದು ಹಗ್ಗ ಆಗುತ್ತದೆ. ಆಮೇಲೆ ಯಾವ ದೇವರೂ ಬಿಡಿಸಲಾರ. ಈ ಹುಡುಗಿಗೆ ಆಗಿದ್ದೂ ಅದೇ ತಾನೇ? ಡೆಕ್ಸ್ಟ್ರಾನ್ ಅಂದರೆ ಏನು, ಅದೂ ಒಂಥರಾ ಗಂಜಿಯೇ?

ಕಪ್ಪುಮರಳು

ಸಾರ್, ನಾನು ಐದು ವರ್ಷ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಟ್ಟಿದ್ದೇನೆ, ಇಷ್ಟು ಚೆನ್ನಾಗಿ ಒಂದು ಸಲವೂ ಹೇಳಿಲ್ಲ. ಹೌದು, ಗಂಜಿಯ ತಮ್ಮನೇ. ಗಂಜಿಯೂ ಗ್ಲೂಕೋಸ್ ಸರಪಣಿ, ಡೆಕ್ಸ್ಟ್ರಾನೂ ಗ್ಲೂಕೋಸ್ ಸರಪಣಿ, ಕೊಂಡಿ ಕೂಡುವ ರೀತಿ ಮಾತ್ರ ಬೇರೆ. ಗಂಜಿಯನ್ನೇ ಹೊದಿಸಿದ ಕಣಗಳೂ ಇವೆ. ಡೆಕ್ಸ್ಟ್ರಾನನ್ನು ಸಕ್ಕರೆಯಿಂದ ಒಂದು ಬ್ಯಾಕ್ಟೀರಿಯಾ ಮಾಡುತ್ತದೆ, ಹೆಸರು ಲ್ಯೂಕೋನಾಸ್ಟಾಕ್. ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳಲ್ಲಿ ಅದೂ ಒಂದು. ಕಬ್ಬಿನ ಹಾಲು ಹಳಸಿದರೆ ಲೋಳೆ ಲೋಳೆ ಆಗುತ್ತದಲ್ಲ, ಅದೂ ಡೆಕ್ಸ್ಟ್ರಾನೇ.

ಇದು ಕಣದ ಮೇಲೆ ಕೂತಾಗ ಚಾರ್ಜ್ ಮೇಲೆ ನಂಬಿಕೆ ಇಡಬೇಕಾಗಿಲ್ಲ. ಸರಪಣಿಗಳು ಹುಲ್ಲಿನಂತೆ ಕೆಲವು ನ್ಯಾನೋಮೀಟರ್ ಎತ್ತರ ನಿಂತಿರುತ್ತವೆ, ಎರಡು ಕಣಗಳ ಕಬ್ಬಿಣ ಹತ್ತಿರ ಬರಲು ಜಾಗವೇ ಇರಲ್ಲ. ಉಪ್ಪು ಚಾರ್ಜನ್ನು ಮುಚ್ಚಬಹುದು, ಈ ಹುಲ್ಲನ್ನು ಮಲಗಿಸಲು ಆಗಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಕೇಳುತ್ತಾರೆ: ಮ್ಯಾಗ್ನೆಟ್ ಅಂದಮೇಲೆ ಅವು ತಮ್ಮಷ್ಟಕ್ಕೇ ಅಂಟಿಕೊಳ್ಳಲ್ವಾ ಅಂತ. ಮ್ಯಾಗ್ನೆಟೈಟ್ ಕಣ ಸುಮಾರು 20 ನ್ಯಾನೋಮೀಟರ್‌ಗಿಂತ ಚಿಕ್ಕದಾದಾಗ ಅದರ ಉತ್ತರ ದಕ್ಷಿಣ ಒಂದು ಕಡೆ ನಿಲ್ಲಲ್ಲ. ಕೋಣೆಯ ಶಾಖ ಸಾಕು, ಕ್ಷಣಕ್ಕೆ ಲೆಕ್ಕವಿಲ್ಲದಷ್ಟು ಸಲ ತಿರುಗಿ ಬೀಳುತ್ತಿರುತ್ತದೆ. ಹೊರಗೆ ಮ್ಯಾಗ್ನೆಟ್ ಬಂದರೆ ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ, ತೆಗೆದರೆ ಮರೆತುಬಿಡುತ್ತವೆ. ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಅಂತ ಕರೆಯುವುದು ಇದನ್ನೇ. ಈ ಮರೆವು ಇಲ್ಲದಿದ್ದರೆ ರಕ್ತನಾಳದೊಳಗೆ ಬಿಡುವ ಮಾತೇ ಇರುತ್ತಿರಲಿಲ್ಲ.

ನಾವು ಚಿಕ್ಕವರಿದ್ದಾಗ ಹಿರಿಯೂರಿನ ಹತ್ತಿರ ವೇದಾವತಿ ಹೊಳೆ ಮರಳಲ್ಲಿ ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಎಳೆದುಕೊಂಡು ಹೋಗಿ ಅಂಟಿದ ಕಪ್ಪು ಪುಡಿಯನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಳ್ಳುತ್ತಿದ್ದೆವು. ಪದಾರ್ಥ ಅದೇ. ಗಾತ್ರ ಮಾತ್ರ ಬೇರೆ, ಆ ಗಾತ್ರದಿಂದಲೇ ಸ್ವಭಾವವೂ ಬೇರೆ.

ಹೊಳಲ್ಕೆರೆ_ಮೇಷ್ಟ್ರು

ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಎರಡು ಮಾತು.

ಒಂದು, ತಂಗಿ, ನಿನ್ನ ಫೆರಸ್ ಕ್ಲೋರೈಡ್ ಬಾಟಲ್ ತೆಗೆದು ಬಣ್ಣ ನೋಡು. ತಿಳಿ ಹಸಿರು ಇದ್ದರೆ ಸರಿ. ಹಳದಿಯೋ ಕಂದೋ ತಿರುಗಿದ್ದರೆ ಅದರಲ್ಲಿ ಒಂದಷ್ಟು ಗಾಳಿಗೆ ಆಗಲೇ ಫೆರಿಕ್ ಆಗಿದೆ, ನಿನ್ನ ಎರಡಕ್ಕೊಂದು ಲೆಕ್ಕ ಕೆಟ್ಟಿದೆ. ಅದರ ಬದಲು ಮೋಹರ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ತಗೋ. ಪಿಯುನಲ್ಲಿ ಪರ್ಮಾಂಗನೇಟ್ ಜೊತೆ ಟೈಟ್ರೇಷನ್ ಮಾಡಿದ್ದು ನೆನಪಿದೆಯಲ್ಲ, ಅದೇ. ಗಾಳಿಗೆ ಬೇಗ ಕೆಡಲ್ಲ. 1 ಗ್ರಾಂ ಫೆರಸ್ ಕ್ಲೋರೈಡ್ ಜಾಗಕ್ಕೆ 1.97 ಗ್ರಾಂ ಮೋಹರ್ ಸಾಲ್ಟ್ ಬೇಕು.

ನೈಟ್ರೋಜನ್ ಸಿಲಿಂಡರ್ ಇಲ್ಲ ಅಂದರೂ ಚಿಂತೆ ಇಲ್ಲ. ನೀರನ್ನು ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಬಾಯಿ ಮುಚ್ಚಿ ಆರಿಸು. ಕರಗಿರುವ ಆಮ್ಲಜನಕ ಬಹುಪಾಲು ಹೋಗಿರುತ್ತದೆ.

ಎರಡು, ಈ ಡೆಕ್ಸ್ಟ್ರಾನ್ ಎಲ್ಲ ದುಡ್ಡಿನ ಬಾಬ್ತು. ಬೇವಿನ ಎಲೆ, ನುಗ್ಗೆ ಸೊಪ್ಪಿನ ಕಷಾಯದಲ್ಲಿ ಕಣ ಮಾಡಿ ಎಷ್ಟೊಂದು ಜನ ಪೇಪರ್ ಬರೆದಿದ್ದಾರೆ. ಸೊಪ್ಪಿನ ಅಂಶವೇ ಕೋಟಿಂಗ್ ಆಗುತ್ತದೆ. ಹಳ್ಳಿ ಕಾಲೇಜಿನ ಮಕ್ಕಳೂ ಮಾಡಬಹುದು. ಅದನ್ನೇಕೆ ನೋಡಬಾರದು?

ಕಪ್ಪುಮರಳು

ಮೇಷ್ಟ್ರೇ, ಮೊದಲನೇ ಮಾತಿಗೆ ಕೈಮುಗಿಯುತ್ತೇನೆ. ಬಾಟಲ್ ಬಣ್ಣ ನೋಡಿ ಅಂತ ನಾನು ಹೇಳಬೇಕಿತ್ತು, ಮರೆತೆ.

ಎರಡನೆಯದಕ್ಕೆ ನಾನು ಒಪ್ಪಲ್ಲ. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಬೇವಿನ ಕಷಾಯದಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ಯಾರಿಗೆ ಗೊತ್ತು? ಮಳೆಗಾಲದ ಎಲೆ ಬೇರೆ, ಬೇಸಿಗೆಯ ಎಲೆ ಬೇರೆ, ಹೊಳಲ್ಕೆರೆ ಮರ ಬೇರೆ, ಜಗಳೂರು ಮರ ಬೇರೆ. ಇಂದು ಬಂದ ಕಣ ನಾಳೆ ಬರಲ್ಲ. ಗೋಡೆಗೆ ಹಚ್ಚುವ ಬಣ್ಣಕ್ಕಾದರೆ ಪರವಾಗಿಲ್ಲ. ಒಬ್ಬ ರೋಗಿಯ ರಕ್ತಕ್ಕೆ ಹೋಗಬೇಕಾದ ವಸ್ತುವಿನ ಹೊದಿಕೆಯಲ್ಲಿ ಏನಿದೆ ಅಂತ ಕೇಳಿದರೆ ಕಷಾಯ ಅಂತ ಉತ್ತರ ಕೊಡಲು ಆಗುತ್ತದಾ? ರಕ್ತದಲ್ಲಿ ಕಣ ಬಿದ್ದ ಕೂಡಲೇ ಅಲ್ಲಿನ ಪ್ರೋಟೀನ್‌ಗಳು ಬಂದು ಮುತ್ತಿಕೊಳ್ಳುತ್ತವೆ. ಯಾವ ಪ್ರೋಟೀನ್ ಬರುತ್ತದೆ, ಕಣ ಲಿವರ್‌ಗೆ ಎಷ್ಟು ಬೇಗ ಹೋಗುತ್ತದೆ ಅನ್ನುವುದೆಲ್ಲ ಆ ಹೊದಿಕೆಯ ಮೇಲೇ ನಿಂತಿದೆ. ಹೊದಿಕೆ ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ಗೊತ್ತಾಗಲ್ಲ.

ಹೊಳಲ್ಕೆರೆ_ಮೇಷ್ಟ್ರು

ರೋಗಿಯ ಮಾತು ಬಂದಾಗ ನೀವು ಹೇಳಿದ್ದು ಸರಿ. ಆದರೆ ನಮ್ಮ ಹುಡುಗರು ಲವಣ, ಕಷಾಯ, ಸ್ವಲ್ಪ ಸೋಡಾ ಸೇರಿಸಿ ಕಪ್ಪು ಪುಡಿ ಮಾಡಿ, ಅದು ಮ್ಯಾಗ್ನೆಟ್‌ಗೆ ಎದ್ದು ಬಂದಾಗ ಅವರ ಕಣ್ಣು ನೋಡಬೇಕು. ಆ ಕೆಲಸಕ್ಕೆ ಬೇವು ಸಾಕು. ಇವಳ ಪ್ರಾಜೆಕ್ಟ್‌ಗೆ ಬೇಡ, ಒಪ್ಪಿದೆ.

ಸ್ಕ್ಯಾನ್_ರೂಮ್

ನಾನು ಎಂಆರ್‌ಐ ಟೆಕ್ನಿಷಿಯನ್. ದಾವಣಗೆರೆ ಡಯಾಗ್ನೋಸ್ಟಿಕ್ ಸೆಂಟರ್ ಒಂದರಲ್ಲಿ ಹನ್ನೊಂದು ವರ್ಷ. ಕೋಣೆಯ ಒಳಗಿನಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಎಂಆರ್‌ಐ ಅಂದರೆ ನಿಮ್ಮ ಮೈಯಲ್ಲಿರುವ ನೀರಿನ ಹೈಡ್ರೋಜನ್‌ಗಳ ಮಾತು ಕೇಳುವುದು. ಎಲ್ಲ ಹೈಡ್ರೋಜನ್‌ಗಳೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರೆ ಸಿಗ್ನಲ್ ಜೋರು. ಆ ತಾಳ ತಪ್ಪಲು ಹಿಡಿಯುವ ಸಮಯಕ್ಕೆ ಟಿ2 ಅನ್ನುತ್ತೇವೆ. ಕಬ್ಬಿಣದ ಕಣ ಹತ್ತಿರ ಇದ್ದರೆ ಅದರ ಸುತ್ತ ಕಾಂತಕ್ಷೇತ್ರ ಏರುಪೇರಾಗುತ್ತದೆ, ಹೈಡ್ರೋಜನ್‌ಗಳು ಬೇಗ ತಾಳ ತಪ್ಪುತ್ತವೆ, ಆ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಚಿತ್ರದಲ್ಲಿ ಭಾಗಗಳು ಎದ್ದು ಕಾಣಲಿ ಅಂತ ನಾವು ದಿನಾ ಕೊಡುವ ಕಾಂಟ್ರಾಸ್ಟ್ ಔಷಧಿ ಗ್ಯಾಡೊಲಿನಿಯಂ ಸಾಮಾನ್ಯವಾಗಿ ಬೆಳ್ಳಗೆ ಮಾಡುತ್ತದೆ.

ಕಪ್ಪಾದರೆ ಏನು ಉಪಯೋಗ ಅಂದರೆ, ಲಿವರ್ ನೋಡಿ. ಲಿವರ್‌ನಲ್ಲಿ ಕುಪ್ಫರ್ ಕೋಶ ಅಂತ ಇವೆ, ರಕ್ತದಲ್ಲಿ ಬಂದ ಹೊರಗಿನ ಕಣಗಳನ್ನು ನುಂಗುವುದೇ ಅವುಗಳ ಕೆಲಸ. ಡೆಕ್ಸ್ಟ್ರಾನ್ ಹೊದ್ದ ಕಬ್ಬಿಣದ ಕಣ ಕೊಟ್ಟರೆ ಆರೋಗ್ಯವಾಗಿರುವ ಲಿವರ್ ಪೂರ್ತಿ ಕಪ್ಪು. ಬೇರೆ ಕಡೆಯಿಂದ ಬಂದು ಕೂತ ಗೆಡ್ಡೆಯಲ್ಲಿ ಆ ಕೋಶ ಇರಲ್ಲ, ಅದು ಬೆಳ್ಳಗೆ ಉಳಿಯುತ್ತದೆ. ಹುಣ್ಣಿಮೆ ಚಂದ್ರನ ಥರ ಎದ್ದು ಕಾಣುತ್ತದೆ ಅಂತ ನಮಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು.

ಫೆರಿಡೆಕ್ಸ್ ಅಂತ ಇದೇ ಥರದ ಔಷಧಿಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2008ರ ಹೊತ್ತಿಗೆ ತಯಾರಿಕೆ ನಿಂತಿತು. ಸಲೈನ್ ಥರ ಅರ್ಧ ಗಂಟೆ ನಿಧಾನವಾಗಿ ಬಿಡಬೇಕಿತ್ತು, ಕೆಲವರಿಗೆ ಬೆನ್ನು ನೋವು ಬರುತ್ತಿತ್ತು, ಅಷ್ಟರಲ್ಲಿ ಲಿವರ್‌ಗೇ ಅಂತ ಹೊಸ ಗ್ಯಾಡೊಲಿನಿಯಂ ಔಷಧಿ ಬಂತು. ಜನ ಬಳಸುವುದು ಕಡಿಮೆಯಾಯಿತು. ಕೆಲಸ ಮಾಡಲ್ಲ ಅಂತ ನಿಂತದ್ದಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪ್ರಾಜೆಕ್ಟ್ ಹಳೇದಾಯಿತು ಅಂತ ಯಾರಾದರೂ ಹೇಳಿದರೆ ಬೇಜಾರಾಗಬೇಡಿ.

ಜೋಗಿಮಟ್ಟಿ_ಗಾಳಿ

ಸ್ಕ್ಯಾನ್ ರೂಮ್ ಅವರಿಗೆ ಒಂದು ಪ್ರಶ್ನೆ. ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋದ ವರ್ಷ ಎಂಆರ್‌ಐ ಬರೆದುಕೊಟ್ಟರು, ಸೆಂಟರ್‌ಗೆ ಹೋದಮೇಲೆ ಕಿಡ್ನಿ ಕೆಲಸ ಮಾಡಲ್ಲ ಅಂತ ಗೊತ್ತಾಗಿ ಕಾಂಟ್ರಾಸ್ಟ್ ಕೊಡಲ್ಲ ಅಂದರು. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಅಪ್ಪ ಮೂರು ಗಂಟೆ ಕೂತಿದ್ದು ಸುಮ್ನೆ ವಾಪಸ್ ಬಂದರು. ಈ ಕಬ್ಬಿಣದ ಕಣ ಇಂಥವರಿಗೆ ಆಗುತ್ತದಾ?

ಸ್ಕ್ಯಾನ್_ರೂಮ್

ಅಪ್ಪನಿಗೆ ಹಾಗಾಗಿದ್ದಕ್ಕೆ ಬೇಸರ ಆಯಿತು. ಎರಡು ನಿಮಿಷ ಕೂರಿಸಿ ಹೇಳಬಹುದಿತ್ತು.

ಗ್ಯಾಡೊಲಿನಿಯಂ ಮೈಯಿಂದ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿ ಮೂಲಕ. ಕಿಡ್ನಿ ಕೆಲಸ ಮಾಡದವರಲ್ಲಿ ಅದು ಉಳಿದುಕೊಂಡು ಚರ್ಮ, ಕೀಲು ಬಿಗಿಯಾಗುವ ಒಂದು ಕೆಟ್ಟ ಕಾಯಿಲೆ ಬರಬಹುದು ಅಂತ 2006ರಲ್ಲಿ ಗೊತ್ತಾಯಿತು. ಅದು ಹೆಚ್ಚಾಗಿ ಹಳೆಯ ಉದ್ದ ಸರಪಣಿ ರಚನೆಯ ಔಷಧಿಗಳಿಂದ. ಯುರೋಪಿನಲ್ಲಿ 2017ರಲ್ಲಿ ಅಂಥ ಹಲವು ಔಷಧಿಗಳನ್ನು ತಡೆಹಿಡಿದರು. ಈಗಿನ ಉಂಗುರದಂಥ ರಚನೆಯವುಗಳಲ್ಲಿ ಅಪಾಯ ಬಹಳ ಕಡಿಮೆ. ಆದ್ದರಿಂದ ಡಯಾಲಿಸಿಸ್ ಅಂದ ಕೂಡಲೇ ಯಾವತ್ತೂ ಕೊಡಲೇಬಾರದು ಅಂತಲ್ಲ. ನೆಫ್ರಾಲಜಿ ಡಾಕ್ಟರ್ ಮತ್ತು ರೇಡಿಯಾಲಜಿ ಡಾಕ್ಟರ್ ಮಾತಾಡಿಕೊಂಡು ತೀರ್ಮಾನ ಮಾಡುವ ವಿಷಯ. ಮುಂದಿನ ಸಲ ಹೋಗುವ ಮುಂಚೆಯೇ ಫೋನ್‌ನಲ್ಲಿ ಡಯಾಲಿಸಿಸ್ ಅಂತ ಹೇಳಿಬಿಡಿ.

ಕಬ್ಬಿಣದ ಕಣದ ಕಥೆ ಬೇರೆ. ಅದು ಕಿಡ್ನಿಯಿಂದ ಹೋಗಲ್ಲ. ಲಿವರ್, ಸ್ಪ್ಲೀನ್ ಅದನ್ನು ನುಂಗಿ ನಿಧಾನವಾಗಿ ಕರಗಿಸಿ ಮೈಯ ಕಬ್ಬಿಣದ ಜೊತೆ ಸೇರಿಸುತ್ತವೆ. ಫೆರುಮೋಕ್ಸಿಟಾಲ್ ಅಂತ ಒಂದು ಔಷಧಿ ಇದೆ. ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ, ಆಗ ಸ್ಕ್ಯಾನ್‌ಗಲ್ಲ. ಆದರೆ ಅದೂ ಇಂಥದೇ ಹೊದಿಕೆ ಹೊದ್ದ ಕಣ, ಆದ್ದರಿಂದ ಕೆಲವು ದೊಡ್ಡ ಕೇಂದ್ರಗಳಲ್ಲಿ ಡಾಕ್ಟರ್‌ಗಳು ಕಿಡ್ನಿ ರೋಗಿಗಳ ರಕ್ತನಾಳ ನೋಡಲು ಬಳಸಿದ್ದಾರೆ. ಅದಕ್ಕೂ ಅಪಾಯ ಇದೆ. ಅಪರೂಪಕ್ಕೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗುತ್ತದೆ, 2015ರಲ್ಲಿ ಅಲ್ಲಿನ ಸರ್ಕಾರ ಅದರ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು. ಇಲ್ಲಿ ನಮ್ಮ ಸೆಂಟರ್‌ನಲ್ಲಿ ಅದನ್ನು ಬಳಸುವುದಿಲ್ಲ.

ಕಪ್ಪುಮರಳು

ಪ್ರಮಾಣ ಗೊತ್ತಾಗಲಿ ಅಂತ ಒಂದು ಲೆಕ್ಕ. ನಮ್ಮ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಫೆರಿಡೆಕ್ಸ್ ಕೊಡುತ್ತಿದ್ದದ್ದು ಕಿಲೋಗೆ 0.56 ಮಿಲಿಗ್ರಾಂ ಕಬ್ಬಿಣ, ಅಂದರೆ 60 ಕಿಲೋ ಮನುಷ್ಯನಿಗೆ 34 ಮಿಲಿಗ್ರಾಂ. ಒಂದು ಬಾಟಲ್ ರಕ್ತ ಏರಿಸಿದರೆ 200 ಮಿಲಿಗ್ರಾಂ ಮೇಲೆ ಕಬ್ಬಿಣ ಹೋಗುತ್ತದೆ. ಹಾಗಾಗಿ ಕಬ್ಬಿಣದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಹೊದಿಕೆ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಕು. ಅಲರ್ಜಿ ಪ್ರಶ್ನೆಯಲ್ಲೂ ಹೊದಿಕೆಯ ಪಾತ್ರ ಇದೆ.

ಕುಂದವಾಡ_ಕೆರೆ, ನೀವು ಡೆಕ್ಸ್ಟ್ರಾನ್ ಹಾಕುವಾಗ ಕಣ ಮಾಡಿ ಆಮೇಲೆ ಹೊದಿಸುವುದು ಬೇಡ. ಡೆಕ್ಸ್ಟ್ರಾನ್ ಒಳಗೇ ಕಣ ಹುಟ್ಟಲಿ. 1982ರಲ್ಲಿ ಮೊಲ್ಡೇ ಮತ್ತು ಮೆಕೆಂಜಿ ಮಾಡಿದ್ದು ಹೀಗೆ. 40 ಸಾವಿರ ಅಣುತೂಕದ ಡೆಕ್ಸ್ಟ್ರಾನನ್ನು ಬೆಲ್ಲದ ಪಾಕದಷ್ಟು ದಪ್ಪಗೆ ಕರಗಿಸಿ. ಅದರಲ್ಲೇ ಎರಡೂ ಕಬ್ಬಿಣದ ಲವಣ. ಬೆಚ್ಚಗೆ ಮಾಡಿ, 60ರಿಂದ 65 ಡಿಗ್ರಿ, ಪಿಎಚ್ 10 ದಾಟುವವರೆಗೆ ತೆಳು ಅಮೋನಿಯ ಹನಿ ಹನಿಯಾಗಿ. ಹೊಗೆ ಎಳೆಯುವ ಫ್ಯೂಮ್ ಹುಡ್ ಒಳಗೆ ಮಾಡಿ, ಅಮೋನಿಯ ಕಣ್ಣಿಗೆ ಹೊಡೆಯುತ್ತದೆ. ಯಾವ ಹಂತದಲ್ಲೂ ಒಣಗಿಸಬೇಡಿ. ಕಣಗಳು ಒಂದೇ ಗಾತ್ರಕ್ಕೆ ಬರಲ್ಲ, ಅದಕ್ಕೆ ಬೇಸರ ಬೇಡ. ಎಲ್ಲ ಒಂದೇ ಅಳತೆ ಬೇಕು ಅಂದರೆ ಐರನ್ ಓಲಿಯೇಟನ್ನು 320 ಡಿಗ್ರಿಗೆ ಕಾಯಿಸುವ ದಾರಿ ಇದೆ, 2004ರಲ್ಲಿ ಕೊರಿಯಾದಲ್ಲಿ ಒಂದೇ ಪಾತ್ರೆಯಲ್ಲಿ 40 ಗ್ರಾಂ ಮಾಡಿ ತೋರಿಸಿದರು. ಆದರೆ ಆ ಕಣ ಎಣ್ಣೆ ಹೊದ್ದು ಹುಟ್ಟುತ್ತದೆ, ಅದನ್ನು ನೀರಿಗೆ ತರುವುದು ಇನ್ನೊಂದು ಪ್ರಾಜೆಕ್ಟ್.

ಕುಂದವಾಡ_ಕೆರೆ | ಹದಿನಾರು ದಿನದ ನಂತರ

ಮೇಷ್ಟ್ರು ಹೇಳಿದ ಹಾಗೆ ಬಾಟಲ್ ನೋಡಿದೆ. ಪೂರ್ತಿ ಕಂದು. ಕೊಂಡು ತಂದದ್ದೇ ಹಾಗಿತ್ತು, ನನಗೆ ಗೊತ್ತಾಗಿರಲಿಲ್ಲ, ಅದರ ಬಣ್ಣವೇ ಅದು ಅಂದುಕೊಂಡಿದ್ದೆ. ಮೋಹರ್ ಸಾಲ್ಟ್ ತಂದು, ನೀರು ಕುದಿಸಿ, ಡೆಕ್ಸ್ಟ್ರಾನ್ ದಾರಿಯಲ್ಲಿ ಮಾಡಿದೆ.

ಆದರೆ ಏನೋ ಕೆಟ್ಟಿದೆ ಅನಿಸುತ್ತದೆ. ಮುಂಚಿನ ಕಣ ಮ್ಯಾಗ್ನೆಟ್ ಹಿಡಿದರೆ ಒಂದು ನಿಮಿಷಕ್ಕೆ ಗೋಡೆಗೆ ಬಂದು ಅಂಟುತ್ತಿತ್ತು. ಇದು ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೂ ಒಂದು ಚೂರೂ ಬಂದಿಲ್ಲ. ಬಣ್ಣ ಕಪ್ಪು ಕಂದು. ಕಾಂತಗುಣವೇ ಹೋಗಿದೆ ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಇವತ್ತು ಸಂಜೆ ಚೆಲ್ಲಿ ಮತ್ತೆ ಶುರು ಮಾಡಬೇಕು.

ಕಪ್ಪುಮರಳು

ಚೆಲ್ಲಬೇಡಿ! ಚೆಲ್ಲಬೇಡಿ. ಇದನ್ನು ನೋಡಿದ ಕೂಡಲೇ ಒಂದು ಸಾಲು ಉತ್ತರ ಹಾಕಿ, ಚೆಲ್ಲಿಲ್ಲ ಅಂತ.

ಕುಂದವಾಡ_ಕೆರೆ

ಚೆಲ್ಲಿಲ್ಲ. ಕೈಯಲ್ಲೇ ಇದೆ.

ಕಪ್ಪುಮರಳು

ಸದ್ಯ. ಈಗ ಸಮಾಧಾನವಾಗಿ ಓದಿ.

ಮುಂಚಿನದು ಒಂದು ನಿಮಿಷಕ್ಕೆ ಮ್ಯಾಗ್ನೆಟ್‌ಗೆ ಬರುತ್ತಿದ್ದದ್ದು ಅದು ಹೆಂಟೆ ಆಗಿದ್ದರಿಂದ. ಮ್ಯಾಗ್ನೆಟ್ ಎಳೆಯುವ ಬಲ ಕಣದ ಗಾತ್ರಕ್ಕೆ, ಅಂದರೆ ಅದರಲ್ಲಿರುವ ಪದಾರ್ಥಕ್ಕೆ ತಕ್ಕಂತೆ. ಒಂಟಿ ಹತ್ತು ನ್ಯಾನೋಮೀಟರ್ ಕಣದ ಮೇಲೆ ಕೈ ಮ್ಯಾಗ್ನೆಟ್‌ನ ಎಳೆತ ಎಷ್ಟು ಚಿಕ್ಕದು ಅಂದರೆ, ನೀರಿನ ಅಣುಗಳು ಅದನ್ನು ಆ ಕಡೆ ಈ ಕಡೆ ತಳ್ಳುವುದೇ ಗೆಲ್ಲುತ್ತದೆ. ನಿಮ್ಮ ಕಣ ಮ್ಯಾಗ್ನೆಟ್‌ಗೆ ಬರಲಿಲ್ಲ ಅಂದರೆ ಅವು ಬಿಡಿ ಬಿಡಿಯಾಗಿವೆ ಅಂತ ಇರಬಹುದು. ಮೂರು ತಿಂಗಳು ನೀವು ಹುಡುಕಿದ್ದು ಇದನ್ನೇ. ನನ್ನ ಮೊದಲ ಒಳ್ಳೆಯ ಬ್ಯಾಚನ್ನು ನಾನು ನಿಜವಾಗಲೂ ಸಿಂಕ್‌ಗೆ ಸುರಿದಿದ್ದೆ. ಗೊತ್ತಾದಮೇಲೆ ಎರಡು ದಿನ ಊಟ ಸೇರಲಿಲ್ಲ.

ಆದರೆ ಕಾಂತಗುಣ ಇಲ್ಲದ ಬೇರೆ ಯಾವುದೋ ಆಕ್ಸೈಡ್ ಆಗಿದ್ದರೂ ಮ್ಯಾಗ್ನೆಟ್‌ಗೆ ಬರಲ್ಲ, ಅದನ್ನು ಖಚಿತ ಮಾಡಿಕೊಳ್ಳಬೇಕು. ಒಂದು ಎಂಎಲ್ ತಗೊಂಡು ಅದಕ್ಕೆ ನಾಲ್ಕು ಪಟ್ಟು ಅಸಿಟೋನ್ ಹಾಕಿ. ಡೆಕ್ಸ್ಟ್ರಾನ್‌ಗೆ ಅಸಿಟೋನ್ ಆಗಲ್ಲ, ಕಣಗಳೆಲ್ಲ ಮುದ್ದೆಯಾಗಿ ಕೆಳಗೆ ಬರುತ್ತವೆ. ಆ ಮುದ್ದೆ ಮ್ಯಾಗ್ನೆಟ್‌ಗೆ ಬಂದರೆ ನೀವು ಗೆದ್ದಿರಿ. ಕಂದು ಬಣ್ಣಕ್ಕೆ ಹೆದರಬೇಡಿ. ಮ್ಯಾಗ್ನೆಟೈಟ್ ಗಾಳಿಗೆ ಸ್ವಲ್ಪ ಸ್ವಲ್ಪವಾಗಿ ಮ್ಯಾಘಮೈಟ್ ಆಗುತ್ತದೆ. ಅದೂ ಕಾಂತೀಯವೇ, ಬಲ ಸ್ವಲ್ಪ ಕಡಿಮೆ ಅಷ್ಟೇ.

ಉಳಿದದ್ದನ್ನು 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಹಾಯಿಸಿ. ಕಪ್ಪು ಬಣ್ಣ ಆಚೆ ಬಂದರೆ ದೊಡ್ಡ ಹೆಂಟೆ ಇಲ್ಲ. ಕಣದ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರ ಇಲ್ಲದವರಿಗೆ ಇಷ್ಟು ಕಡಿಮೆ ಖರ್ಚಿನ ಪರೀಕ್ಷೆ ಇನ್ನೊಂದಿಲ್ಲ.

ಕುಂದವಾಡ_ಕೆರೆ | ಮರುದಿನ

ಅಸಿಟೋನ್ ಹಾಕಿದೆ. ಮುದ್ದೆ ಬಂತು. ಮ್ಯಾಗ್ನೆಟ್ ಹಿಡಿದೆ. ಟಕ್ ಅಂತ ಅಂಟಿತು!

ಫಿಲ್ಟರ್‌ನಲ್ಲೂ ಆಚೆ ಬಂತು. ಪಿಬಿಎಸ್‌ಗೆ ಹಾಕಿ ಇಟ್ಟಿದ್ದೇನೆ. ಹತ್ತು ನಿಮಿಷ ಆಯಿತು. ಒಂದು ಗಂಟೆ ಆಯಿತು. ಏನೂ ಕೂತಿಲ್ಲ. ನೋಡುತ್ತಾ ಕೂತಿದ್ದೇನೆ, ಬಸ್ ತಪ್ಪಿತು, ಪರವಾಗಿಲ್ಲ.

ಬಿಟ್ಟು ಉಳಿದ ಡೆಕ್ಸ್ಟ್ರಾನ್ ತೆಗೆಯಲು ನಮ್ಮಲ್ಲಿರುವ ಡಯಾಲಿಸಿಸ್ ಟ್ಯೂಬ್‌ನಲ್ಲಿ ಹಾಕಿದರೆ ಸಾಕಾ? 12 ಸಾವಿರ ಅಣುತೂಕದವರೆಗೆ ಆಚೆ ಬಿಡುವುದು ಇದೆ.

ಕಪ್ಪುಮರಳು

ಆ ಟ್ಯೂಬ್‌ನಲ್ಲಿ ಅಮೋನಿಯ, ಕ್ಲೋರೈಡ್, ಸಲ್ಫೇಟ್ ಹೋಗುತ್ತವೆ. 40 ಸಾವಿರದ ಡೆಕ್ಸ್ಟ್ರಾನ್ 12 ಸಾವಿರದ ತೂತಿನಲ್ಲಿ ಹೇಗೆ ತೂರುತ್ತದೆ? ಒಂದು ಲಕ್ಷದ ಅಳತೆಯ ಸೆಂಟ್ರಿಫ್ಯೂಜ್ ಫಿಲ್ಟರ್ ಬೇಕು, ಯಾರ ಹತ್ತಿರವಾದರೂ ಕೇಳಿ ತನ್ನಿ. ಜೋಗಿಮಟ್ಟಿ ಗಾಳಿಯವರೇ, ನಿಮ್ಮ ಅಪ್ಪನ ಡಯಾಲಿಸಿಸ್‌ನಲ್ಲಿ ನಡೆಯುವುದೂ ಇದೇ. ಯೂರಿಯಾ ಸಣ್ಣದು, ಪೊರೆಯ ತೂತಿನಿಂದ ಆಚೆ ಹೋಗುತ್ತದೆ. ಪ್ರೋಟೀನ್ ದೊಡ್ಡದು, ಒಳಗೇ ಉಳಿಯುತ್ತದೆ.

ಜೋಗಿಮಟ್ಟಿ_ಗಾಳಿ

ಎರಡು ವರ್ಷದಿಂದ ಆ ಯಂತ್ರದ ಪಕ್ಕ ಕೂರುತ್ತಿದ್ದೇನೆ, ಇವತ್ತು ಗೊತ್ತಾಯಿತು. ಅಪ್ಪನಿಗೂ ಓದಿ ಹೇಳಿದೆ.

ಸ್ಕ್ಯಾನ್_ರೂಮ್

ನಮ್ಮ ರೇಡಿಯಾಲಜಿ ಡಾಕ್ಟರ್ ಹತ್ತಿರ ಕೇಳಿದೆ. ಭಾನುವಾರ ಮಧ್ಯಾಹ್ನ ಯಂತ್ರ ಖಾಲಿ ಇರುವಾಗ ಒಂದು ಗಂಟೆ ಕೊಡುತ್ತಾರೆ. ನಿಮ್ಮ ಗೈಡ್ ಹತ್ತಿರ ಪತ್ರ ತನ್ನಿ. ಪ್ರಾಣಿ, ಮನುಷ್ಯ ಯಾವುದೂ ಬೇಡ, ಬರೀ ಟ್ಯೂಬ್. ಪ್ರಾಣಿಯ ಮೇಲೆ ಮಾಡಬೇಕು ಅಂದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ಅದರ ದಾರಿಯೇ ಬೇರೆ.

ಒಂದು ಶೇಕಡಾ ಅಗರೋಸ್ (ಜೆಲ್ಲಿ ಥರ ಗಟ್ಟಿಯಾಗುವ ಪುಡಿ) ಕರಗಿಸಿ, ಗಟ್ಟಿಯಾಗುವ ಮುಂಚೆ ಕಣ ಸೇರಿಸಿ ಸಣ್ಣ ಪ್ಲಾಸ್ಟಿಕ್ ಟ್ಯೂಬ್‌ಗಳಲ್ಲಿ ತುಂಬಿ. ಗುಳ್ಳೆ ಇರಬಾರದು, ಗಾಳಿ ಗುಳ್ಳೆಯೂ ಚಿತ್ರದಲ್ಲಿ ಕಪ್ಪಗೇ ಕಾಣುತ್ತದೆ. ಕಣ ಹಾಕದ ಒಂದು ಟ್ಯೂಬ್ ಇರಲಿ. ಸ್ಟ್ಯಾಂಡ್ ಪ್ಲಾಸ್ಟಿಕ್‌ದೇ ಆಗಬೇಕು, ಸ್ಟೀಲ್ ತಂದರೆ ಒಳಗೆ ಬಿಡಲ್ಲ. ನಮ್ಮ ಯಂತ್ರದ ಕಾಂತಕ್ಷೇತ್ರ 1.5 ಟೆಸ್ಲಾ.

ಹೊಳಲ್ಕೆರೆ_ಮೇಷ್ಟ್ರು

ತಂಗಿ, ಟ್ಯೂಬ್‌ನಲ್ಲಿ ಎಷ್ಟು ಕಬ್ಬಿಣ ಇದೆ ಅಂತ ತೂಕದಿಂದ ಅಂದಾಜು ಮಾಡಬೇಡ, ಅದರಲ್ಲಿ ಡೆಕ್ಸ್ಟ್ರಾನೂ ಸೇರಿದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಚ್ಚಗೆ ಮಾಡಿ ಕಣ ಪೂರ್ತಿ ಕರಗಿಸು. ಹೈಡ್ರಾಕ್ಸಿಲಮೀನ್ ಹಾಕಿದರೆ ಎಲ್ಲ ಫೆರಸ್ ಆಗುತ್ತದೆ. ಅಸಿಟೇಟ್ ಬಫರ್, ಆಮೇಲೆ ಫೆನಾಂತ್ರೋಲಿನ್. ಕಿತ್ತಳೆ ಕೆಂಪು ಬರುತ್ತದೆ, 510 ನ್ಯಾನೋಮೀಟರ್‌ನಲ್ಲಿ ಓದು. ಮೋಹರ್ ಸಾಲ್ಟ್ ಇದೆಯಲ್ಲ, ಅದರಿಂದಲೇ ಸ್ಟ್ಯಾಂಡರ್ಡ್ ಮಾಡಿಕೋ.

ಕುಂದವಾಡ_ಕೆರೆ | ಭಾನುವಾರ ರಾತ್ರಿ

ಇವತ್ತು ಸ್ಕ್ಯಾನ್ ಆಯಿತು. ಆರು ಟ್ಯೂಬ್. ಒಂದು ಖಾಲಿ ಅಗರೋಸ್. ಉಳಿದವು ಕಬ್ಬಿಣದ ಲೆಕ್ಕದಲ್ಲಿ 0.05, 0.1, 0.2, 0.4, 0.8 ಮಿಲಿಮೋಲಾರ್. ಪರದೆ ಮೇಲೆ ಚಿತ್ರ ಬಂದಾಗ ನನಗೆ ಮಾತೇ ಬರಲಿಲ್ಲ. ಎಡಗಡೆ ಬೆಳ್ಳಗಿನ ಚುಕ್ಕೆ, ಬಲಕ್ಕೆ ಹೋಗುತ್ತಾ ಹೋಗುತ್ತಾ ಬೂದು, ಕೊನೆಯದು ಇದೆಯೋ ಇಲ್ಲವೋ ಅನ್ನುವಷ್ಟು ಕಪ್ಪು.

ಗ್ರಾಫ್ ಹಾಕಿದೆ, 1/ಟಿ2 ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ. ಗೆರೆ ಕೊನೆಯಲ್ಲಿ ಬಾಗುತ್ತಿದೆ. ಗೆರೆಯ ಇಳಿಜಾರು, ಅಂದರೆ ಅಷ್ಟು ಕಬ್ಬಿಣಕ್ಕೆ ಕಣ ಎಷ್ಟು ಕಪ್ಪು ಮಾಡುತ್ತದೆ ಅನ್ನುವ ಅಳತೆ, 71 ಬಂತು. ಕಡಿಮೆ ಅಲ್ವಾ?

ಸ್ಕ್ಯಾನ್_ರೂಮ್

0.8ರ ಟ್ಯೂಬ್ ಬಿಟ್ಟುಬಿಡಿ. ನಾವು ಮೊದಲ ಎಕೋ (ಮರಳಿ ಬರುವ ಸಿಗ್ನಲ್) ಓದುವ ಹೊತ್ತಿಗೇ ಅದರ ಸಿಗ್ನಲ್ ಬಹುಪಾಲು ಸತ್ತಿತ್ತು, ಅಲ್ಲಿಂದಾಚೆ ಯಂತ್ರ ಓದಿದ್ದು ಬರೀ ಗದ್ದಲ. ಅದು ನಿಮ್ಮ ಗೆರೆಯನ್ನು ಕೆಳಗೆ ಜಗ್ಗುತ್ತಿದೆ. ಬಿಟ್ಟಿದ್ದೇನೆ ಅಂತ, ಯಾಕೆ ಬಿಟ್ಟೆ ಅಂತ ರಿಪೋರ್ಟ್‌ನಲ್ಲಿ ಬರೆಯಿರಿ.

ಕುಂದವಾಡ_ಕೆರೆ

ಬಿಟ್ಟು ಹಾಕಿದೆ. ಗೆರೆ ನೆಟ್ಟಗಾಯಿತು. 104.

ಕಪ್ಪುಮರಳು

ಫೆರಿಡೆಕ್ಸ್‌ಗೂ 1.5 ಟೆಸ್ಲಾದಲ್ಲಿ ನೂರರ ಆಸುಪಾಸಿನ ಸಂಖ್ಯೆಯೇ ಬರುವುದು. ಈಗ ಇದೇ ಇನ್ನೆರಡು ಸಲ ಬರುತ್ತದಾ ನೋಡಿ, ಹೊಸದಾಗಿ ಮಾಡಿದ ಬ್ಯಾಚ್‌ಗಳಲ್ಲಿ. ಅಲ್ಲಿಯವರೆಗೂ ಆ 104ನ್ನು ಯಾರಿಗೂ ದೊಡ್ಡದಾಗಿ ಹೇಳಬೇಡಿ, ಅಮ್ಮನಿಗೆ ಬಿಟ್ಟು.

ನೂಲುಗಂಜಿ

ಪಿಬಿಎಸ್‌ನಲ್ಲಿ ಇಟ್ಟದ್ದು ಏನಾಯಿತಮ್ಮ, ಅದನ್ನು ಹೇಳಲೇ ಇಲ್ಲ. ಗಂಜಿ ಹಿಡಿದಿದೆಯಾ?

ಕುಂದವಾಡ_ಕೆರೆ

ಹಿಡಿದಿದೆ ಸಾರ್. ಹನ್ನೊಂದನೇ ದಿನ ಇವತ್ತು. ಬೆಳಕಿಗೆ ಹಿಡಿದು ನೋಡಿದೆ, ತಳದಲ್ಲಿ ಏನೂ ಇಲ್ಲ. ಎರಡನೇ ಬ್ಯಾಚ್ ನಾಳೆ ಬೆಳಿಗ್ಗೆ ಇಡುತ್ತೇನೆ, ಮೋಹರ್ ಸಾಲ್ಟ್ ತೂಗಿ ಇಟ್ಟು ಬಂದಿದ್ದೇನೆ.